ಸುಣ್ಣದ ಬಿಸಿಯಲ್ಲಿ ಸಾಂಬಾರ್: ಗೋರೆಗಾಂವ್ ಅಡುಗೆಮನೆಯ ಜಮಾ-ಖರ್ಚು

ಲಿಫ್ಟ್ ರಿಪೇರಿ ಮಾಡುವವನಿಗೆ ಊಟದ ಜಾಗ ಅಂತ ಒಂದು ಇರುವುದಿಲ್ಲ. ಇವತ್ತು ಅಂಧೇರಿ, ನಾಳೆ ಜೋಗೇಶ್ವರಿ, ನಾಡಿದ್ದು ಮಲಾಡ್. ಡಬ್ಬಾವಾಲಾನಿಗೆ ಯಾವ ವಿಳಾಸ ಕೊಡುವುದು? ಬೆಳಿಗ್ಗೆ ಏಳಕ್ಕೆ ಹೆಂಡತಿ ತುಂಬಿಕೊಟ್ಟ ಅನ್ನ-ಸಾಂಬಾರ್ ಮಧ್ಯಾಹ್ನ ಎರಡಕ್ಕೆ ತೆರೆದರೆ ಮಳೆಗಾಲದ ಗೋಡೆ ಮುಟ್ಟಿದ ಹಾಗಿರುತ್ತದೆ. ಬಿಸಿ ಹಿಡಿದಿಡುವ ಡಬ್ಬವನ್ನೂ ಕೊಂಡು ನೋಡಿದೆ. ಏಳು ಗಂಟೆ ಕಳೆದ ಮೇಲೆ ಅದರಲ್ಲೂ ಉಗುರುಬೆಚ್ಚಗೆ ಅಷ್ಟೇ, ಮೇಲೆ ಅನ್ನ ಹಳಸಿದ ವಾಸನೆ ಬೇರೆ. ತಣ್ಣಗೆ ಒಯ್ದು, ತಿನ್ನುವ ಹೊತ್ತಿಗೆ ಬಿಸಿ ಮಾಡಿಕೊಳ್ಳುವುದೇ ಸರಿ. ಆದರೆ ಒಲೆ ಹಚ್ಚುವ ಹಾಗಿಲ್ಲ, ಪ್ಲಗ್ ಹಾಕೋಣ ಅಂದರೆ ಮಷೀನ್ ರೂಮಿನ ಕರೆಂಟು ಊಟಕ್ಕೆ ಅಲ್ಲ.

ಇದನ್ನು ಒಂದು ಭಾನುವಾರ ದೊಡ್ಡಪ್ಪನ ಎದುರು ಹೇಳಿಕೊಂಡೆ. ದೊಡ್ಡಪ್ಪ ಉಡುಪಿ ಕಡೆಯ ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಹಗಲು ಫೋರ್ಟ್‌ನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಕೊನೆಗೆ ಅದೇ ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಎಲ್ಲದಕ್ಕೂ ಜಮಾ-ಖರ್ಚು ಬರೆಯುವ ಚಟ. ಎಲೆಗೆ ಸುಣ್ಣ ಹಚ್ಚುತ್ತಾ ಅಂದರು: “ಸುಟ್ಟ ಸುಣ್ಣಕ್ಕೆ ನೀರು ಹಾಕು ಮಾರಾಯ. ನಮ್ಮೂರ ಸುಣ್ಣ ಸುಡುವ ಗೂಡಿನ ಹತ್ತಿರ ಸುಣ್ಣ ಅರಳಿಸುವಾಗ ಹುಡುಗರೆಲ್ಲ ಅದರಲ್ಲಿ ಗೆಣಸು ಬೇಯಿಸುತ್ತಿದ್ದೆವು.”

ಹೌದಲ್ವಾ! ಮಗಳ ಹತ್ತನೆಯ ತರಗತಿಯ ಪುಸ್ತಕದಲ್ಲೂ ಇದೇ ಇದೆ. ಸುಟ್ಟ ಸುಣ್ಣ ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ನೀರು ಸೇರಿದರೆ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಜೊತೆಗೆ ಬಿಸಿ. ಒಂದು ಮೋಲ್, ಅಂದರೆ 56 ಗ್ರಾಂ ಸುಟ್ಟ ಸುಣ್ಣ ಪೂರ್ತಿ ಅರಳಿದರೆ ಸುಮಾರು 65 ಕಿಲೋಜೂಲ್ ಹೊರಬರುತ್ತದೆ. ಒಂದು ಗ್ರಾಂಗೆ 1.16 ಕಿಲೋಜೂಲ್ ಅಂತ ಇಟ್ಟುಕೊಳ್ಳಿ.

ನನ್ನ ಊಟ 300 ಗ್ರಾಂ. ಅನ್ನ-ಸಾಂಬಾರಿನಲ್ಲಿ ಹೆಚ್ಚಿನ ಪಾಲು ನೀರೇ. ಒಂದು ಗ್ರಾಂ ಊಟವನ್ನು ಒಂದು ಡಿಗ್ರಿ ಏರಿಸಲು 3.6 ಜೂಲ್ ಬೇಕು ಅಂತ ಅಂದಾಜಿಸಿದೆ. 29 ಡಿಗ್ರಿಯಿಂದ 60ಕ್ಕೆ ಒಯ್ಯಲು ಸುಮಾರು 33 ಕಿಲೋಜೂಲ್ ಸಾಕು. ಕಾಗದದ ಮೇಲೆ 30 ಗ್ರಾಂ ಸುಣ್ಣ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಗುತ್ತದೆ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಸಾಮಾನು

ಹೊರಗೆ 18 ಸೆಂಟಿಮೀಟರ್ ಅಗಲದ ಸ್ಟೀಲ್ ಡಬ್ಬ, ಒಳಗೆ 14 ಸೆಂಟಿಮೀಟರಿನ ಚಪ್ಪಟೆ ಡಬ್ಬ. ಒಳಡಬ್ಬ ಕೂರಲು ಒಂದು ಸ್ಟೀಲ್ ಸಿಂಬೆ. ಸುಣ್ಣ, ನೀರು ಹೊರಡಬ್ಬದ ತಳಕ್ಕೆ, ಊಟ ಒಳಡಬ್ಬಕ್ಕೆ. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್, ಗ್ರಾಂ ತೋರಿಸುವ ತಕ್ಕಡಿ. ಕಣ್ಣಿಗೆ ಗಾಗಲ್ಸ್, ಕೈಗೆ ರಬ್ಬರ್ ಗ್ಲೌಸ್.

ಅಲ್ಯೂಮಿನಿಯಂ ಡಬ್ಬ ಮಾತ್ರ ಬೇಡವೇ ಬೇಡ. ಅರಳಿದ ಸುಣ್ಣ ಕ್ಷಾರ. ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಹೈಡ್ರೋಜನ್ ಗಾಳಿ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ಬಿಸಿ ಪ್ಯಾಕೆಟ್ಟುಗಳಲ್ಲಿ ಸುಣ್ಣದ ಜೊತೆ ಅಲ್ಯೂಮಿನಿಯಂ ಪುಡಿಯನ್ನು ಬೇಕೆಂದೇ ಹಾಕಿರುತ್ತಾರೆ, ಬಿಸಿ ಜಾಸ್ತಿ ಬರಲಿ ಅಂತ. ಅಮೆರಿಕದ ಸೈನಿಕರ ಊಟದ ಪ್ಯಾಕೆಟ್ಟಿನಲ್ಲಿರುವುದು ಮೆಗ್ನೀಸಿಯಂ ಮತ್ತು ಕಬ್ಬಿಣ. ಉಪ್ಪುನೀರು ತಾಗಿದರೆ ಅದೂ ಕಾಯುತ್ತದೆ, ಅದೂ ಹೈಡ್ರೋಜನ್ ಬಿಡುತ್ತದೆ. ನನಗೆ ಲಿಫ್ಟ್ ಕಂಟ್ರೋಲ್ ಪ್ಯಾನೆಲ್ ಇರುವ ಕಟ್ಟಡದಲ್ಲಿ ಹೈಡ್ರೋಜನ್ ಸಹವಾಸ ಬೇಡ. ಬರೀ ಸುಣ್ಣ ಸಾಕು.

ಸುಣ್ಣ ತರುವುದೇ ಒಂದು ಕಥೆ. ಅಂಗಡಿಯಲ್ಲಿ ಸುಮ್ನೆ “ಚುನಾ” ಅಂದರೆ ಪುಡಿ ಸುಣ್ಣದ ಪ್ಯಾಕೆಟ್ ಕೊಡುತ್ತಾರೆ. ಅದು ಆಗಲೇ ಅರಳಿದ್ದು, ಅದರಲ್ಲಿ ಬಿಸಿ ಉಳಿದಿಲ್ಲ. ಮರಾಠಿಯಲ್ಲಿ “ಕಳೀಚಾ ಚುನಾ” ಅಂತ ಕೇಳಬೇಕು, ಆಗ ಕಲ್ಲಿನಂಥ ಗಟ್ಟಿ ಸುಣ್ಣ ಸಿಗುತ್ತದೆ. ಮನೆಗೆ ತಂದಾಗ ಧಾರವಾಡದ ನನ್ನ ಹೆಂಡತಿ ಬಾಗಿಲಲ್ಲೇ ತಡೆದಳು: “ಅಡಗಿಮನ್ಯಾಗ ಸುಣ್ಣಾ ಯಾಕ್ರೀ? ದೀಪಾವಳಿಗೆ ಇನ್ನೂ ಮೂರು ತಿಂಗಳ ಐತಿ.”

ಮೊದಲ ಸಲ: ಸತ್ತ ಸುಣ್ಣ

50 ಗ್ರಾಂ ಸುಣ್ಣ, 50 ಮಿಲಿ ನೀರು, ಒಳಡಬ್ಬದಲ್ಲಿ ಊಟದ ಬದಲು ನಲ್ಲಿನೀರು. ಹತ್ತು ನಿಮಿಷ ಎಲ್ಲರೂ ಸುತ್ತ ನಿಂತು ನೋಡಿದೆವು. ಸುಣ್ಣ 38 ಡಿಗ್ರಿ ಮುಟ್ಟಿತು, ಅಲ್ಲೇ ಕೂತಿತು. ಒಳಡಬ್ಬದ ನೀರಿಗೆ ವಿಷಯವೇ ಗೊತ್ತಾಗಲಿಲ್ಲ.

ದೊಡ್ಡಪ್ಪ ಒಂದು ಗಡ್ಡೆ ಎತ್ತಿ ಬೆರಳಲ್ಲಿ ಒತ್ತಿದರು. ಪುಡಿಪುಡಿಯಾಯಿತು. “ಇದು ಅಂಗಡಿಯಲ್ಲೇ ಅರಳಿದೆ. ಒಳ್ಳೆ ಸುಣ್ಣ ತಟ್ಟಿದರೆ ಮಡಕೆಯ ಚೂರಿನ ಹಾಗೆ ಟಣ್ ಅನ್ನಬೇಕು.” ಮುಂಬಯಿಯ ಜುಲೈ ಗಾಳಿಯಲ್ಲಿ ನೀರಿಗೇನು ಬರವೇ? ಬಾಯಿ ಬಿಚ್ಚಿದ ಗೋಣಿಯೊಳಗೆ ಸುಣ್ಣ ತನ್ನಷ್ಟಕ್ಕೆ ಗಾಳಿಯ ತೇವ ಕುಡಿದು, ತನ್ನ ಬಿಸಿಯನ್ನೆಲ್ಲ ಅಂಗಡಿಯವನಿಗೇ ಕೊಟ್ಟು ಮುಗಿಸಿತ್ತು.

ಇನ್ನೊಂದು ಅಂಗಡಿಯಲ್ಲಿ ಗೋಣಿಯ ನಡುವಿನಿಂದ ಗಟ್ಟಿ ಗಡ್ಡೆ ಆರಿಸಿ ತಂದೆ. ಈಗ ಕೊಳ್ಳುವ ಮೊದಲೇ ಒಂದು ಚೂರಿಗೆ ನಾಲ್ಕು ಹನಿ ನೀರು ಹಾಕಿ ನೋಡುತ್ತೇನೆ. ಎರಡು ಮೂರು ನಿಮಿಷದಲ್ಲಿ ಬಿರಿದು ಹೊಗೆಯಾಡಿದ ಹಾಗೆ ಆವಿ ಬಿಟ್ಟರೆ ಮಾತ್ರ ದುಡ್ಡು.

ಎರಡನೆಯ ಸಲ: ಬಿಸಿ ಬಂತು, ಮೇಲೆ ಹೋಯಿತು

ಈ ಸಲ 100 ಗ್ರಾಂ ಗಡ್ಡೆ, 100 ಮಿಲಿ ನೀರು. ಬಿಸಿ ಹೊರಗೆ ಹೋಗದಿರಲಿ ಅಂತ ಹೊರಡಬ್ಬದ ಒಳಗೋಡೆಗೆ ಥರ್ಮಾಕೋಲ್ ಹಾಳೆ ಅಂಟಿಸಿದ್ದೆ. ಒಳಡಬ್ಬದಲ್ಲಿ ನಿಜವಾದ ಊಟ.

ನಾಲ್ಕು ನಿಮಿಷ ಏನೂ ಇಲ್ಲ. ನಾನು ಮುಚ್ಚಳ ತೆಗೆಯಲು ಕೈ ಚಾಚಿದೆ, ದೊಡ್ಡಪ್ಪ ಕೈ ಹಿಡಿದು ಎಳೆದರು. ಅವರು ಎಳೆದದ್ದು ಒಳ್ಳೆಯದಾಯಿತು. ಮರುಕ್ಷಣ ಡಬ್ಬ ಬುಸುಗುಟ್ಟಿತು, ಮುಚ್ಚಳ ಕುಣಿಯಿತು, ಅಂಚಿನಿಂದ ಬಿಳಿ ಹನಿಗಳು ಕಟ್ಟೆಯ ತುಂಬಾ ಹಾರಿದವು. ಆ ಹನಿ ಕಣ್ಣಿಗೆ ಬಿದ್ದರೆ ಕಥೆ ಮುಗಿದ ಹಾಗೆ. ಸುಣ್ಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಗಾಗಲ್ಸ್ ಹಾಕದೆ ಇದನ್ನು ಯಾರೂ ಮಾಡಬೇಡಿ, ಒಂದು ವೇಳೆ ಬಿದ್ದರೆ ನಲ್ಲಿ ಬಿಟ್ಟು ತುಂಬಾ ಹೊತ್ತು ತೊಳೆಯುತ್ತಲೇ ಇರಬೇಕು, ಆಮೇಲೆ ನೇರ ಡಾಕ್ಟರ ಹತ್ತಿರ.

ಎಲ್ಲ ತಣ್ಣಗಾದ ಮೇಲೆ ನೋಡಿದರೆ ಥರ್ಮಾಕೋಲ್ ಕುಗ್ಗಿ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಊಟ 47 ಡಿಗ್ರಿ. ಇಷ್ಟು ಆರ್ಭಟಕ್ಕೆ ಬರೀ 18 ಡಿಗ್ರಿ ಏರಿಕೆ!

ರಾತ್ರಿ ದೊಡ್ಡಪ್ಪ ಹಳೆ ಲೆಕ್ಕದ ಪುಸ್ತಕ ತೆಗೆದು ಎರಡು ಕಾಲಂ ಎಳೆದರು. ಜಮಾ: ಸುಣ್ಣದಲ್ಲಿ ನೂರಕ್ಕೆ ಎಂಬತ್ತೈದು ಪಾಲು ಜೀವಂತ ಅಂತ ಹಿಡಿದರೆ 98 ಕಿಲೋಜೂಲ್. ಖರ್ಚಿನ ಕಡೆ ಊಟಕ್ಕೆ ಹೋದದ್ದು 19. ಸ್ಟೀಲ್ ಕಾಯಲು 6. ತಳದಲ್ಲಿ ಉಳಿದ ಬಿಸಿ ಸುಣ್ಣದ ಗಂಜಿಯಲ್ಲಿ 23ರ ಹತ್ತಿರ. ಉಳಿದ 50 ಎಲ್ಲಿ? “ಗಲ್ಲಾದಲ್ಲಿ ಇಷ್ಟು ತೂತು ಬಿದ್ದರೆ ಶೆಟ್ಟರು ಮನೆಗೆ ಕಳಿಸುತ್ತಿದ್ದರು” ಅಂದರು.

ಪುಣ್ಯಕ್ಕೆ ನಾನು ಮೊದಲೇ ಸುಣ್ಣ ಮತ್ತು ನೀರು ತೂಗಿಟ್ಟಿದ್ದೆ. ಮತ್ತೆ ತೂಗಿದರೆ 22 ಗ್ರಾಂ ಕಡಿಮೆ. ಒಂದು ಗ್ರಾಂ ನೀರು ಆವಿಯಾಗಲು 2.26 ಕಿಲೋಜೂಲ್ ಬೇಕು. 22 ಗ್ರಾಂಗೆ 50. ಕಳ್ಳ ಸಿಕ್ಕ. ಬಂದ ಬಿಸಿಯಲ್ಲಿ ಅರ್ಧ ಆವಿಯಾಗಿ ಅಡುಗೆಮನೆಯ ಕಿಟಕಿಯಿಂದ ಹಾರಿಹೋಗಿತ್ತು.

ನಿಜ ಹೇಳಬೇಕೆಂದರೆ ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಊಟ ಬಿಸಿಯಾದದ್ದಲ್ಲ, ಈ 22 ಗ್ರಾಂ. ನಾನು ಓದಿದ್ದು ಐಟಿಐ. ಸುಣ್ಣ ಎಷ್ಟು ಬಿಸಿ ಕೊಡಬೇಕೋ ಅಷ್ಟೂ ಕೊಟ್ಟಿತ್ತು, ಒಂದು ಪೈಸೆ ಇಟ್ಟುಕೊಂಡಿರಲಿಲ್ಲ. ಹಿಡಿದುಕೊಳ್ಳಲು ಬಾರದವನು ನಾನು.

ಮೂರನೆಯ ಸಲ: ಅತಿ ಬುದ್ಧಿವಂತಿಕೆ

ಆವಿಯೇ ಕಳ್ಳ ಅಂದಮೇಲೆ ನೀರನ್ನೇ ಕಡಿಮೆ ಮಾಡಿದರೆ? 80 ಗ್ರಾಂ ಸುಣ್ಣ ಅರಳಲು ಲೆಕ್ಕದ ಪ್ರಕಾರ 26 ಗ್ರಾಂ ನೀರು ಸಾಕು. 30 ಮಿಲಿ ಹಾಕಿದೆ. ಹನಿ ಹಾರದಿರಲಿ ಅಂತ ಸುಣ್ಣವನ್ನು ಹತ್ತಿ ಬಟ್ಟೆಯ ಚೀಲದಲ್ಲಿ ಕಟ್ಟಿದ್ದೆ.

ಊಟ 41 ಡಿಗ್ರಿಗೇ ನಿಂತಿತು, ಮನೆ ತುಂಬಾ ಬಟ್ಟೆ ಸುಟ್ಟ ವಾಸನೆ. ಚೀಲ ಬಿಚ್ಚಿದರೆ ಒಂದು ಮಗ್ಗುಲು ಕಂದು ಬಣ್ಣಕ್ಕೆ ಕಮರಿತ್ತು, ಇನ್ನೊಂದು ಮಗ್ಗುಲಲ್ಲಿ ಸುಣ್ಣದ ಗಡ್ಡೆ ಒಣಗಿ ಹಾಗೇ ಕೂತಿತ್ತು. ಸುರಿದ ನೀರನ್ನೆಲ್ಲ ಮೊದಲು ಸಿಕ್ಕ ಗಡ್ಡೆಗಳು ಕುಡಿದಿದ್ದವು. ಅವುಗಳ ಸುತ್ತ ತಂಪು ಮಾಡಲು ನೀರು ಉಳಿಯಲಿಲ್ಲ. ನೀರು ಇರುವಷ್ಟು ಹೊತ್ತು ಬಿಸಿ 100 ಡಿಗ್ರಿಯ ಆಚೀಚೆ ನಿಲ್ಲುತ್ತದೆ, ಯಾಕೆಂದರೆ ಅದಕ್ಕಿಂತ ಮೇಲಿನದ್ದನ್ನು ಕುದಿಯುವ ನೀರು ಒಯ್ದುಬಿಡುತ್ತದೆ. ನೀರಿಲ್ಲದಿದ್ದರೆ ಸುಣ್ಣ ಮುನ್ನೂರು ಡಿಗ್ರಿಯನ್ನೂ ದಾಟಬಲ್ಲದು. ಹಿಂದೆ ಸುಣ್ಣ ಸಾಗಿಸುವ ಹಾಯಿಹಡಗುಗಳಲ್ಲಿ ಸಮುದ್ರದ ನೀರು ನುಗ್ಗಿದರೆ ಬೆಂಕಿ ಏಳುತ್ತಿತ್ತು ಅನ್ನುವುದು ಆಗ ಅರ್ಥವಾಯಿತು.

ಅಂದರೆ ಇಲ್ಲಿ ನೀರು ಎರಡು ಕೆಲಸ ಮಾಡುತ್ತದೆ. ಕ್ರಿಯೆಗೆ ಮೇವೂ ಅದೇ, ಬ್ರೇಕೂ ಅದೇ. ಲಿಫ್ಟಿನವನಿಗೆ ಬ್ರೇಕ್ ತೆಗೆದು ಓಡಿಸಬಾರದು ಅಂತ ಬೇರೆಯವರು ಹೇಳಬೇಕಾಗಿ ಬಂತು.

ನಾಲ್ಕನೆಯ ಸಲ: ಕೌದಿ

ಹೆಂಡತಿಗೆ ಸಮಸ್ಯೆ ಹೇಳಿದೆ: ಸುಣ್ಣ ಒಂದೇ ಕಡೆ ಗುಡ್ಡೆಯಾಗಬಾರದು, ನೀರು ಎಲ್ಲ ಕಡೆ ಒಂದೇ ಸಮ ಹೋಗಬೇಕು, ಡಬ್ಬದ ತಳಕ್ಕೆಲ್ಲ ಬಿಸಿ ತಾಗಬೇಕು. ಅವಳು ನನ್ನ ಮುಖ ನೋಡಿ, “ಅಂದ್ರ ಕೌದಿ ಹೊಲದಂಗ ಹೊಲೀಬೇಕು, ಅಷ್ಟ ಅಲ್ಲೇನ್ರಿ?” ಅಂದಳು. ಹಳೆಯ ದುಪ್ಪಟ್ಟಾ ಹರಿದು ದುಂಡಗಿನ ಚೀಲ ಹೊಲಿದು, ನಡುವೆ ಎರಡು ಅಡ್ಡ ಹೊಲಿಗೆ ಹಾಕಿ ನಾಲ್ಕು ಜೇಬು ಮಾಡಿದಳು. ನಾನು ಸುಣ್ಣವನ್ನು ಗೋಣಿಯೊಳಗಿಟ್ಟು ಸುತ್ತಿಗೆಯಿಂದ ಕುಟ್ಟಿ ಬಟಾಣಿ ಗಾತ್ರಕ್ಕೆ ತಂದೆ. ತೀರಾ ಪುಡಿ ಮಾಡಿದರೆ ಒಮ್ಮೆಗೇ ಉಕ್ಕುತ್ತದೆ, ಗಡ್ಡೆ ಬಿಟ್ಟರೆ ನಾಲ್ಕು ನಿಮಿಷ ಮಲಗಿ ಆಮೇಲೆ ಎದ್ದು ಕುಣಿಯುತ್ತದೆ. ಬಟಾಣಿ ಸರಿ. ಪ್ರತಿ ಜೇಬಿಗೆ 20 ಗ್ರಾಂ, ಒಟ್ಟು 80.

ಆವಿಯ ಬಗ್ಗೆ ಕೂಡ ಯೋಚನೆ ತಿರುಗಿತು. ಅದು ಹೊರಗೆ ಹೋದರೆ ಕಳ್ಳ, ಆದರೆ ಒಳಡಬ್ಬದ ತಣ್ಣನೆಯ ಮೈಗೆ ತಾಗಿ ಮತ್ತೆ ನೀರಾದರೆ ಅದೇ 2.26 ಕಿಲೋಜೂಲನ್ನು ಅಲ್ಲೇ ಇಳಿಸುತ್ತದೆ. ಇಡ್ಲಿ ಬೇಯುವುದೂ ಹೀಗೇ ತಾನೇ? ಹಾಗಾಗಿ ಹೊರಡಬ್ಬದ ಅಂಚಿಗೆ ಒದ್ದೆ ಬಟ್ಟೆಯ ಪಟ್ಟಿ ಸುತ್ತಿ ಮುಚ್ಚಳ ಬಿಗಿ ಮಾಡಿದೆ, ಮುಚ್ಚಳಕ್ಕೆ ಡ್ರಿಲ್‌ನಿಂದ ಎರಡು ಸಣ್ಣ ತೂತು ಕೊರೆದೆ. ತೂತು ಇಲ್ಲದೆ ಮುಚ್ಚಿದರೆ ಅದು ಡಬ್ಬ ಅಲ್ಲ, ಬಾಂಬ್. ಥರ್ಮಾಕೋಲ್ ಬಿಸಾಕಿ ಹೊರಗಡೆಯಿಂದ ಹಳೆ ಟವೆಲ್ ಸುತ್ತಿದೆ.

90 ಮಿಲಿ ನೀರು ಸುರಿದೆ. ಒಂದೂವರೆ ನಿಮಿಷಕ್ಕೆ ಸಣ್ಣ ಸಿಳ್ಳು. ಆಮೇಲೆ ಸಮನಾಗಿ, ಗದ್ದಲವಿಲ್ಲದೆ ತೂತಿನಿಂದ ಎಳೆ ಎಳೆ ಆವಿ. 14 ನಿಮಿಷಕ್ಕೆ ಊಟ 61 ಡಿಗ್ರಿ.

ದೊಡ್ಡಪ್ಪನ ಪುಸ್ತಕ: ಜಮಾ 79. ಊಟಕ್ಕೆ 35, ಹಾರಿಹೋದ 9 ಗ್ರಾಂ ಆವಿಗೆ 20, ಸ್ಟೀಲಿಗೆ 8, ಗಂಜಿಯಲ್ಲಿ ಉಳಿದದ್ದು 16. ಹೊಂದಿತು. ಹತ್ತರಲ್ಲಿ ಎರಡು ಪಾಲು ಮಾತ್ರ ಊಟಕ್ಕೆ ಹೋಗುತ್ತಿದ್ದದ್ದು ಈಗ ನಾಲ್ಕೂವರೆ ಪಾಲಿಗೆ ಬಂತು. ಸುಣ್ಣ ಕಡಿಮೆ, ಊಟ ಬಿಸಿ. ಮಗಳು ಮೊದಲ ತುತ್ತು ತಿಂದು “ಅಪ್ಪ, ಬಾಯಿ ಸುಟ್ಟಿತು” ಅಂದದ್ದೇ ನನಗೆ ಸರ್ಟಿಫಿಕೇಟ್.

ಬಿಸಿ ಬಂದದ್ದು ಎಲ್ಲಿಂದ

ಮಗಳು ಕೇಳಿದಳು: ನೀರೂ ತಣ್ಣಗೆ, ಸುಣ್ಣವೂ ತಣ್ಣಗೆ, ಎರಡೂ ಸೇರಿದರೆ ಬಿಸಿ ಹೇಗೆ? ಪುಸ್ತಕದ ಉತ್ತರ ಅವಳಿಗೇ ಗೊತ್ತು. ಕಣಗಳ ನಡುವಿನ ಹಳೆಯ ಬಂಧ ಬಿಡಿಸಲು ಶಕ್ತಿ ಕೊಡಬೇಕು, ಹೊಸ ಬಂಧ ಕೂಡಿದಾಗ ಶಕ್ತಿ ಹೊರಬರುತ್ತದೆ. ಕೊಟ್ಟದ್ದಕ್ಕಿಂತ ಬಂದದ್ದು ಜಾಸ್ತಿಯಾದರೆ ಉಳಿದದ್ದು ಬಿಸಿಯಾಗಿ ಕಾಣುತ್ತದೆ. ಕಡಿಮೆಯಾದರೆ ಸುತ್ತಲಿಂದ ಎಳೆದುಕೊಳ್ಳುತ್ತದೆ, ಮುಟ್ಟಿದರೆ ತಣ್ಣಗೆ. ದೊಡ್ಡಪ್ಪ ರಾತ್ರಿ ಶಾಲೆಯಲ್ಲಿ ಕಲಿತ ಹೆಸರುಗಳನ್ನು ಮರೆತಿರಲಿಲ್ಲ: ಬಹಿರುಷ್ಣಕ, ಅಂತರುಷ್ಣಕ. ಹೇಳುವಾಗ ಬೆನ್ನು ನೆಟ್ಟಗಾಗುತ್ತದೆ ಅವರಿಗೆ.

ಆದರೆ ಅವರ ಇನ್ನೊಂದು ಉತ್ತರ ನನಗೆ ಹೆಚ್ಚು ಹಿಡಿಸಿತು. “ಗೂಡಿನಲ್ಲಿ ಹಾಕಿದ ಬೆಂಕಿ ಎಲ್ಲಿಗೆ ಹೋಯಿತು ಅಂತ ಕೇಳು.” ಅವರ ಊರಿನಲ್ಲಿ ಹೊಳೆಯ ಬಾಯಿಯಿಂದ ತಂದ ಚಿಪ್ಪನ್ನೂ ಇದ್ದಿಲನ್ನೂ ಪದರ ಪದರವಾಗಿ ಗೂಡಿಗೆ ತುಂಬಿ ಉರಿ ಹಾಕುತ್ತಿದ್ದರಂತೆ. ಚಿಪ್ಪಾಗಲಿ ಸುಣ್ಣದ ಕಲ್ಲಾಗಲಿ ಕ್ಯಾಲ್ಸಿಯಂ ಕಾರ್ಬೊನೇಟ್. 900 ಡಿಗ್ರಿ ಹತ್ತಿರ ಅದು ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಉಳಿದದ್ದು ಸುಟ್ಟ ಸುಣ್ಣ. 100 ಗ್ರಾಂ ಚಿಪ್ಪು ಒಡೆಯಲು 178 ಕಿಲೋಜೂಲ್ ಬೇಕು, ಅದರಿಂದ ಸಿಗುವುದು 56 ಗ್ರಾಂ ಸುಣ್ಣ. ನೀರು ಹಾಕಿದಾಗ ಆ 56 ಗ್ರಾಂ ವಾಪಸ್ ಕೊಡುವುದು 65 ಮಾತ್ರ.

ಹಾಗಾದರೆ ಬಾಕಿ 113? ದೊಡ್ಡಪ್ಪ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಇದು ನಮಗೆ ತಕ್ಷಣ ಹೊಳೆಯಲಿಲ್ಲ, ಮಗಳು ಪುಸ್ತಕದ ಮುಂದಿನ ಸಾಲು ಓದಿದಾಗ ಹೊಳೆಯಿತು. ಅರಳಿದ ಸುಣ್ಣವನ್ನು ಗೋಡೆಗೆ ಬಳಿದರೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಎರಡು ಮೂರು ದಿನದಲ್ಲಿ ಹೊಳಪು ಬರುವುದು ಅದಕ್ಕೇ. ಆ ಕ್ರಿಯೆಯಲ್ಲಿ ಹೊರಬರುವುದು ಸರಿಯಾಗಿ 113 ಕಿಲೋಜೂಲ್. 65 ಮತ್ತು 113, ಕೂಡಿದರೆ 178. ಗೂಡು ಕೊಟ್ಟ ಸಾಲ ಪೂರ್ತಿ ತೀರಿತು. ಗೋಡೆಯ ಮೇಲೆ ಅಷ್ಟು ನಿಧಾನ ತೀರುವುದರಿಂದ ಸುಣ್ಣ ಬಳಿದವನ ಕೈಗೂ ಗೊತ್ತಾಗುವುದಿಲ್ಲ.

ಯಾವ ದಾರಿಯಲ್ಲಿ ಹೋದರೂ ಹೊರಟ ಜಾಗ ಮತ್ತು ಮುಟ್ಟಿದ ಜಾಗ ಒಂದೇ ಆದರೆ ಬಿಸಿಯ ಮೊತ್ತ ಬದಲಾಗುವುದಿಲ್ಲ ಅಂತ 1840ರಲ್ಲಿ ಹೆಸ್ ಅನ್ನುವ ವಿಜ್ಞಾನಿ ರಷ್ಯಾದಲ್ಲಿ ಕೂತು ಹೇಳಿದ್ದ. ದೊಡ್ಡಪ್ಪನಿಗೆ ಇದು ದೊಡ್ಡ ವಿಷಯ ಅನ್ನಿಸಲಿಲ್ಲ. “ಶೆಟ್ಟರಿಗೆ ಸಾವಿರ ಒಮ್ಮೆಗೇ ಕೊಡು, ಕಂತಿನಲ್ಲಿ ಕೊಡು, ಸಾವಿರ ಸಾವಿರವೇ.” ಬಡ್ಡಿ ಇಲ್ಲದ ಶೆಟ್ಟರು ಯಾವ ಊರಿನಲ್ಲಿದ್ದಾರೆ ಅಂತ ನಾನು ಕೇಳಲಿಲ್ಲ.

ತಣ್ಣನೆಯ ಡಬ್ಬ, ಮತ್ತು ಒಂದು ಘಾಟು

ಬಿಸಿ ಆಯಿತು, ಮಜ್ಜಿಗೆ ತಂಪು ಮಾಡುವ ಇನ್ನೊಂದು ಡಬ್ಬ ಯಾಕಾಗಬಾರದು ಅಂತ ಮಗಳಿಗೆ ಹುಕಿ ಬಂತು. ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಸಿಡ್ ನೀರಿಗೆ ಹಾಕಿ ನೋಡಿದಳು. ನೊರೆ ಉಕ್ಕಿತು, ಲೋಟ ತಣ್ಣಗಾಯಿತು, ಆದರೆ ಉಕ್ಕುವ ವಸ್ತುವನ್ನು ಮುಚ್ಚಿಡುವುದು ಹೇಗೆ? ಬಿಟ್ಟೆವು.

ನವಸಾಗರ ಹೊಳೆದದ್ದು ನನಗೆ. ಕಲಾಯಿಯವರು ತಾಮ್ರದ ಪಾತ್ರೆಗೆ ತವರ ಹಿಡಿಸುವಾಗ ಹಾಕುವ ಬಿಳಿ ಉಪ್ಪು ಅದು, ಅಮೋನಿಯಂ ಕ್ಲೋರೈಡ್. ನೀರಲ್ಲಿ ಕರಗುವಾಗ ಅದರ ಹರಳಿನ ಕಣಗಳನ್ನು ಬಿಡಿಸಲು ಬೇಕಾದ ಶಕ್ತಿ ಜಾಸ್ತಿ, ನೀರು ಅವುಗಳನ್ನು ಅಪ್ಪಿಕೊಂಡಾಗ ಸಿಗುವುದು ಕಡಿಮೆ. ಬಾಕಿಯನ್ನು ನೀರಿನ ಬಿಸಿಯಿಂದಲೇ ವಸೂಲಿ ಮಾಡುತ್ತದೆ. 50 ಗ್ರಾಂ ನವಸಾಗರ ಕರಗಿದರೆ ಹೆಚ್ಚುಕಡಿಮೆ 14 ಕಿಲೋಜೂಲ್. 150 ಮಿಲಿ ನೀರಿಗೆ ಹಾಕಿ ಕಲಕಿದೆ. 29ರಿಂದ 11 ಡಿಗ್ರಿಗೆ ಇಳಿಯಿತು, ಲೋಟದ ಹೊರಗೆ ಹನಿ ಕೂತಿತು. ಎಲ್ಲರೂ ಆಹಾ ಅಂದೆವು. ಆಮೇಲೆ 200 ಮಿಲಿ ಮಜ್ಜಿಗೆಯ ಬಾಟಲಿ ಅದರಲ್ಲಿ ಇಳಿಸಿದರೆ ಮಜ್ಜಿಗೆ 22 ಡಿಗ್ರಿಗೆ ನಿಂತಿತು. ತಂಪು ಹಂಚಿಹೋಯಿತು. ಫ್ಲಾಸ್ಕಿನಲ್ಲಿ ನಾಲ್ಕು ತುಂಡು ಐಸ್ ಒಯ್ಯುವುದು ಇದಕ್ಕಿಂತ ಸಾವಿರ ಪಾಲು ಮೇಲು. ಕರಗಿದ ನೀರನ್ನು ಬಿಸಿಲಿಗಿಟ್ಟರೆ ನವಸಾಗರ ವಾಪಸ್ ಸಿಗುತ್ತದೆ ಅನ್ನುವುದೊಂದೇ ಸಮಾಧಾನ, ಅದೂ ಮುಂಬಯಿಯಲ್ಲಿ ಬಿಸಿಲು ಬಂದಾಗ.

ತಪ್ಪು ನಡೆದದ್ದು ಸಾಮಾನು ಎತ್ತಿಡುವಾಗ. ಸುಣ್ಣದ ಗಂಜಿ ಮೆತ್ತಿದ್ದ ಚಮಚವನ್ನು ನಾನು ನೋಡದೆ ನವಸಾಗರದ ಬಾಟಲಿಗೆ ಹಾಕಿದೆ. ಮೂಗಿಗೆ ಕಾರದ ಪುಡಿ ಹಾರಿದ ಹಾಗೆ ಘಾಟು ಬಡಿಯಿತು, ಕಣ್ಣಲ್ಲಿ ನೀರು. ಅಮೋನಿಯಾ! ಶಾಲೆಯ ಪ್ರಯೋಗಶಾಲೆಯಲ್ಲಿ ಅಮೋನಿಯಾ ತಯಾರಿಸುವುದೇ ಅರಳಿದ ಸುಣ್ಣ ಮತ್ತು ನವಸಾಗರ ಬೆರೆಸಿ. ಬಾಟಲಿಯನ್ನು ಬಾಲ್ಕನಿಗೆ ಒಯ್ದು, ಕಿಟಕಿಗಳನ್ನೆಲ್ಲ ತೆಗೆದು, ಎಲ್ಲರೂ ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತೆವು. ಪಕ್ಕದ ಮನೆಯವರಿಗೆ ಬಾತ್‌ರೂಮ್ ತೊಳೆಯುತ್ತಿದ್ದೇವೆ ಅಂತ ಹೆಂಡತಿ ಹೇಳಿದಳು. ನವಸಾಗರ ಅವತ್ತೇ ಮನೆಯಿಂದ ಹೊರಗೆ. ಇವೆರಡನ್ನೂ ಒಂದೇ ಶೆಲ್ಫಿನಲ್ಲಿ ಇಡಬೇಡಿ, ಒಂದೇ ದಿನ ಕೈಗೆ ತೆಗೆದುಕೊಳ್ಳಲೂ ಬೇಡಿ.

ಈಗ ಹೇಗೆ ನಡೆಯುತ್ತಿದೆ

ಸುಣ್ಣವನ್ನು ಲೋಕಲ್ ಟ್ರೇನಿನಲ್ಲಿ ಒಯ್ಯುವುದಿಲ್ಲ. ಮಳೆಯಲ್ಲಿ ತೊಯ್ದ ಬ್ಯಾಗು, ಮೈಗೆ ಮೈ ಒತ್ತಿ ನಿಂತ ಜನ, ನಡುವೆ ಸುಟ್ಟ ಸುಣ್ಣ. ಯೋಚಿಸಿದರೇ ಬೆವರು ಬರುತ್ತದೆ. ಗೆಳೆಯರೊಬ್ಬರ ಟೆಂಪೋದಲ್ಲಿ ಒಮ್ಮೆ ಒಯ್ದು ಅಂಧೇರಿಯ ನಮ್ಮ ಸ್ಟೋರ್ ರೂಮಿನಲ್ಲಿ, ರಬ್ಬರ್ ವಾಷರ್ ಇರುವ ಗಾಜಿನ ಭರಣಿಗಳಲ್ಲಿ ಇಟ್ಟಿದ್ದೇನೆ. ಅಂಧೇರಿ ಸುತ್ತಮುತ್ತ ಕೆಲಸವಿದ್ದ ದಿನ ಮಾತ್ರ ಬಿಸಿ ಊಟ. ಮಲಾಡ್ ದಿನ ತಣ್ಣಗಿನದ್ದೇ.

ಭರಣಿ ಯಾಕೆ ಅಂದರೆ, ಒಂದು ಸಲ 100 ಗ್ರಾಂ ಸುಣ್ಣವನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಇಟ್ಟು ಎಂಟು ದಿನ ಬಿಟ್ಟು ತೂಗಿದೆ. 114 ಗ್ರಾಂ ಆಗಿತ್ತು. ಪೂರ್ತಿ ಅರಳಿದರೆ 132 ಆಗಬೇಕು. ಅಂದರೆ ಹತ್ತಿರ ಹತ್ತಿರ ಅರ್ಧ ಬಿಸಿ ಕವರಿನೊಳಗೇ ಖರ್ಚು. ಭರಣಿಯಲ್ಲಿಟ್ಟದ್ದು ಮೂರು ವಾರಕ್ಕೂ ಎರಡೇ ಗ್ರಾಂ ಏರಿದೆ.

ಡಬ್ಬ ಕಾಯಿಸುವುದು ಟೆರೇಸಿನ ತಗಡಿನ ಕೆಳಗೆ, ಮಷೀನ್ ರೂಮಿನಿಂದ ದೂರ. ಆವಿ ಮತ್ತು ಸುಣ್ಣದ ಹನಿ ಕಂಟ್ರೋಲ್ ಪ್ಯಾನೆಲ್‌ಗೆ ತಾಗಿದರೆ ಊಟವಲ್ಲ, ಕೆಲಸವೇ ಹೋಗುತ್ತದೆ. ನೀರು ಸುರಿದು, ಮುಚ್ಚಳ ಹಾಕಿ, ಐದು ಹೆಜ್ಜೆ ಹಿಂದೆ ಸರಿಯುತ್ತೇನೆ. ಹದಿನೈದು ನಿಮಿಷ ಮುಟ್ಟುವುದಿಲ್ಲ. ಊಟದ ಡಬ್ಬವನ್ನು ಹೊರಗೆ ತೆಗೆದು ಮೊದಲು ಅದರ ತಳ ಒರೆಸಿ ಆಮೇಲೆ ಬಾಯಿ ತೆರೆಯಬೇಕು, ಇಲ್ಲದಿದ್ದರೆ ಸುಣ್ಣದ ಕೈಯಲ್ಲೇ ಊಟ.

ಉಳಿದ ಗಂಜಿಯನ್ನು ಬಕೆಟ್ಟಿನಲ್ಲಿ ಕೂಡಿಟ್ಟು ಸೊಸೈಟಿಯ ಮಾಲಿಗೆ ಕೊಡುತ್ತೇನೆ, ಅವರು ಮರದ ಬುಡಕ್ಕೆ ಬಳಿಯುತ್ತಾರೆ. ದೊಡ್ಡಪ್ಪ ಮೊದಲ ದಿನ ಅದರಲ್ಲಿ ಒಂದಿಷ್ಟು ಎಲೆ-ಅಡಿಕೆಗೆ ತೆಗೆದಿಡಲು ನೋಡಿದರು. ಗೋಡೆಗೆ ಬಳಿಯುವ ಸುಣ್ಣದಲ್ಲಿ ಏನೇನು ಕಸ ಇರುತ್ತದೋ, ಕೈಯಿಂದ ಕಿತ್ತುಕೊಂಡೆ.

ಈಗ ಉಳಿದಿರುವ ತೊಂದರೆ ಚೀಲದ್ದು. ಸುಣ್ಣ ಹತ್ತಿ ಬಟ್ಟೆಯನ್ನು ನಾಲ್ಕೈದು ಸಲಕ್ಕೆ ಗಟ್ಟಿ ಮಾಡಿಬಿಡುತ್ತದೆ, ಹೊಲಿಗೆ ಬಿರಿಯುತ್ತದೆ. ಆರು ಚೀಲ ಹೊಲಿದ ಮೇಲೆ ಹೆಂಡತಿ ಸೂಜಿ ಕೆಳಗಿಟ್ಟು, “ಏಳನೇದ್ದು ನೀವ ಹೊಲ್ಕೊಳ್ರಿ” ಅಂದಿದ್ದಾಳೆ. ಮನೆಯಲ್ಲಿ ಇನ್ನು ದಪ್ಪ ಹತ್ತಿ ಬಟ್ಟೆ ಉಳಿದಿರುವುದು ದೊಡ್ಡಪ್ಪನ ಹಳೆಯ ಲುಂಗಿ ಒಂದೇ. ನಿನ್ನೆ ರಾತ್ರಿ ಅವರು ಮಲಗಿದ ಮೇಲೆ ಕತ್ತರಿಸಿದ್ದೇನೆ. ಇನ್ನೂ ಹೇಳಿಲ್ಲ.